‘ಎಲ್ಲ ಚೆನ್ನಾಗಿದೆ’ ಅನ್ನುವ ಪೋಷಕರು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರೇ, ಮೇಷ್ಟ್ರು ತಾವೇ ಫಾರಂ ಹಂಚಿ, ಹೆಸರು ಬರೆಸಿ, ‘ಶಾಲೆ ಹೇಗಿದೆ?’ ಎಂದು ಕೇಳಿದರೆ ಯಾವ ಪೋಷಕರು ತಾನೆ ಚೆನ್ನಾಗಿಲ್ಲ ಅಂತಾರೆ? ಆ ಫಾರಂಗಳನ್ನು ಬದಿಗಿಡಿ. ನಿಮ್ಮ ಎಸ್‌ಡಿಎಂಸಿ ಸದಸ್ಯರೇ ಸಂಜೆ ಮನೆಮನೆಗೆ ಹೋಗಲಿ. ಆದಿವಾಸಿ ಹಾಡಿಗಳಲ್ಲಂತೂ ಬಾಯಿಮಾತಲ್ಲೇ ಕೇಳಲಿ. ಹೊಗೆಸೊಪ್ಪು ಬೇಯಿಸುವ ತಿಂಗಳು ಮಾತ್ರ ಬೇಡ, ಹುಣಸೂರು ಕಡೆ ಆಗ ಸೊಪ್ಪು ಬೇಯಿಸುವ ಬ್ಯಾರನ್ ಬಿಟ್ಟು ಯಾರೂ ಅಲ್ಲಾಡುವುದಿಲ್ಲ. ಅಭಿಪ್ರಾಯ ಬಿಡಿ, ನಡೆದದ್ದನ್ನು ಕೇಳಿ: ಕಳೆದ ವಾರ ಮಗು ಎಷ್ಟು ದಿನ ಶಾಲೆ ತಪ್ಪಿಸಿತು, ಯಾಕೆ? ಜೊತೆಗೆ, 2005ರಲ್ಲಿ ‘ಪ್ರಥಮ್’ ಸಂಸ್ಥೆ ಶುರುಮಾಡಿದ ‘ಅಸರ್’ ಸಮೀಕ್ಷೆಯಂತೆ, ಮನೆಯಲ್ಲೇ ಮಗುವಿನಿಂದ ಎರಡನೇ ತರಗತಿ ಮಟ್ಟದ ಕಥೆ ಓದಿಸಿ. ಮುಂದಿನ ವರ್ಷವೂ ಅವೇ ಪ್ರಶ್ನೆ, ಅದೇ ತಿಂಗಳು. ಇಲ್ಲದಿದ್ದರೆ ಸುಧಾರಿಸಿತೋ ಇಲ್ಲವೋ ಗೊತ್ತಾಗದು. ಫಲಿತಾಂಶವನ್ನು ಮೊದಲು ಪೋಷಕರ ಸಭೆಯಲ್ಲಿ ಓದಿ ಹೇಳಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಆಮೇಲೆ.