ಕಡಿಮೆ ಓಡಿದ ಹಳೆಯ ಕಾರಿಗೆ ಎಷ್ಟು ಕೊಡಬಹುದು?

ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್ ಕೊಳ್ಳಲು ಹೊರಟವರು ಬೆಂಗಳೂರಿನಲ್ಲಿ ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ಮಾರುವವರ ಮೊದಲ ಮಾತು ಬಹುತೇಕ ಒಂದೇ: "ಗಾಡಿ ಓಡೇ ಇಲ್ಲ ಸಾರ್, ಮೀಟರ್ ನೋಡಿ." ಬೆಲೆ ಏರುವುದು ಅಲ್ಲಿಂದಲೇ. ಅದು ನ್ಯಾಯವೋ ಅಲ್ಲವೋ ಎಂದು ಅಳೆಯಲು ನಾನು ನೆಚ್ಚಿಕೊಂಡಿರುವುದು ಇಷ್ಟು.

1. ಮೀಟರಿನ ಅಂಕಿಗೆ ಸಾಕ್ಷಿ ಕೇಳಿ.

ಆ ಕಾಲದ ಬಹಳಷ್ಟು ಗಾಡಿಗಳ ಮೀಟರಿನಲ್ಲಿ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಕೇಬಲ್ ತುಂಡಾಗಿ ವರ್ಷಗಟ್ಟಲೆ ಮೀಟರ್ ಕದಲದೇ ಇದ್ದಿರಲೂಬಹುದು. ಬಸವನಗುಡಿಯ ಒಂದು ಮನೆಯಲ್ಲಿ ಎಂಬತ್ತರ ದಶಕದ ಪದ್ಮಿನಿ ಇತ್ತು. ಮೀಟರ್ 31,000 ತೋರಿಸುತ್ತಿತ್ತು, ಆರು ಲಕ್ಷ ಹೇಳಿದ್ದರು. ಕ್ಲಚ್ ಪೆಡಲಿನ ರಬ್ಬರ್ ಗೆರೆಗಳು ಸವೆದಿರಲಿಲ್ಲ. ಆದರೆ ಆ ರಬ್ಬರನ್ನು ಯಾರು ಬೇಕಾದರೂ ಬದಲಿಸಬಹುದು. ಹಾಗಾಗಿ ಯಾರೂ ಬದಲಿಸಲು ಹೋಗದ ಜಾಗಗಳನ್ನು ನೋಡಿದೆ. ಡ್ರೈವರ್ ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿದರೆ ಕೀಲು ಆಡಲಿಲ್ಲ. ಕೀ ಹಾಕುವ ತೂತಿನ ಅಂಚು ಚೂಪಾಗೇ ಇತ್ತು. ಎಲ್ಲ ಗಾಜಿನ ಮೇಲೂ ಒಂದೇ ಕಂಪನಿಯ ಗುರುತು. ಆಮೇಲೆ ಮನೆಯವರು ಒಳಗಿನಿಂದ ಒಂದು ನೋಟ್‌ಬುಕ್ ತಂದರು. ತೀರಿಕೊಂಡ ಯಜಮಾನರು ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಖು, ಲೀಟರ್, ಮೀಟರ್ ಅಂಕಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದರು. ಶಾಯಿ ಬದಲಾಗಿತ್ತು, ಕೈಬರಹ ನಡುಗುತ್ತ ಹೋಗಿತ್ತು, ಲೆಕ್ಕ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಇಂಥ ದಾಖಲೆ ಸಿಕ್ಕರೆ ಅದಕ್ಕೆ ಹೆಚ್ಚಿನ ಹಣ ಕೊಡಲು ನಾನು ಹಿಂಜರಿಯುವುದಿಲ್ಲ. ದಾಖಲೆ ಇಲ್ಲದ ಕಡೆ ಮೀಟರ್ ಇಲ್ಲವೆಂದೇ ಭಾವಿಸಿ ಬೆಲೆ ಕಟ್ಟುತ್ತೇನೆ.

2. ನಿಂತಿದ್ದರ ಖರ್ಚನ್ನು ಕಳೆಯಿರಿ.

ಓಡಿದ ಗಾಡಿ ಸವೆಯುತ್ತದೆ, ನಿಂತ ಗಾಡಿ ಕೊಳೆಯುತ್ತದೆ. ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು, ಕಾರ್ಬುರೇಟರಿನಲ್ಲಿ ಅಂಟು, ಜಾಮ್ ಆದ ವೀಲ್ ಸಿಲಿಂಡರ್, ಬಿರುಕು ಬಿಟ್ಟ ಬ್ರೇಕ್ ಹೋಸ್, ಗಟ್ಟಿಯಾದ ಆಯಿಲ್ ಸೀಲ್. ಕೆಲವೊಮ್ಮೆ ಕ್ಲಚ್ ಪ್ಲೇಟ್ ಫ್ಲೈವೀಲಿಗೇ ಅಂಟಿರುತ್ತದೆ. ಟೈರ್ ಹೂವು ಚೆನ್ನಾಗಿದೆ ಎಂದು ತೋರಿಸುತ್ತಾರೆ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 1809 ಎಂದಿದ್ದರೆ ಅದು 2009ರ ಹದಿನೆಂಟನೇ ವಾರದ ಟೈರ್, ಐದನ್ನೂ ಬದಲಿಸಲೇಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ತಡೆಯುವುದಿಲ್ಲ, ಅವೂ ಪಟ್ಟಿಗೆ ಸೇರಲಿ. ಬಸವನಗುಡಿಯ ಗಾಡಿಗೆ ಹೀಗೆ ಐಟಂ ಐಟಂ ಬರೆದು ಮನೆಯವರ ಮುಂದಿಟ್ಟೆವು. ನಾಲ್ಕೂಮುಕ್ಕಾಲು ಲಕ್ಷಕ್ಕೆ ಮಾತು ಮುಗಿಯಿತು. ಚೌಕಾಸಿಗಿಂತ ಪಟ್ಟಿಗೆ ಜನ ಗೌರವ ಕೊಡುತ್ತಾರೆ.

3. ಕಂಪನಿ ಬಣ್ಣಕ್ಕೆ ಕೊಡಿ, ಹೊಳಪಿಗಲ್ಲ.

ಇಂಜಿನ್ ಬೋರ್ ಮಾಡಿಸಬಹುದು, ಸೀಟ್ ಹೊಲಿಸಬಹುದು. ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣ ಒಮ್ಮೆ ಹೋದರೆ ಹೋಯಿತು. ಮಂಕಾದ, ಅಲ್ಲಲ್ಲಿ ಗೀರು ಬಿದ್ದ ಮೂಲ ಬಣ್ಣದ ಗಾಡಿಯನ್ನು ನಿನ್ನೆ ಪೇಂಟ್ ಮಾಡಿಸಿ ಫಳಫಳ ಹೊಳೆಯುವ ಗಾಡಿಗಿಂತ ನಾನು ಯಾವತ್ತೂ ಮೇಲೆ ಇಡುತ್ತೇನೆ. ಬಾಗಿಲ ಬೀಡಿಂಗ್ ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರಡಿಯ ತಗಡು ಮುಟ್ಟಿ. ಬಾಗಿಲ ಕೆಳಗಿನ ಭಾಗಕ್ಕೆ ಆಯಸ್ಕಾಂತ ಹಿಡಿಯಿರಿ, ಕಚ್ಚದಿದ್ದರೆ ಅಲ್ಲಿರುವುದು ಪುಟ್ಟಿ.

4. ಯಾವ ಗಾಡಿ ಎಂಬುದರ ಮೇಲೆ ಕಿಲೋಮೀಟರಿನ ಬೆಲೆ.

ಪದ್ಮಿನಿಯ 1089 ಸಿಸಿ ಇಂಜಿನ್ನಿಗೆ ಜೆ.ಸಿ. ರಸ್ತೆಯಲ್ಲೋ ಮುಂಬೈನ ಕುರ್ಲಾದಲ್ಲೋ ಹುಡುಕಿದರೆ ಇನ್ನೂ ಸಾಮಾನು ಸಿಗುತ್ತದೆ. ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳೂ ಇದ್ದಾರೆ. ಅಂಬಾಸಿಡರ್ 2014ರವರೆಗೂ ತಯಾರಾಯಿತು, ಅದರ ಪಾಡು ಇನ್ನೂ ಸುಲಭ. ಹಾಗಾಗಿ ಇವೆರಡರಲ್ಲಿ ಇಂಜಿನ್ ಕಡಿಮೆ ಓಡಿದೆ ಎಂಬ ಒಂದೇ ಕಾರಣಕ್ಕೆ ದುಪ್ಪಟ್ಟು ಕೊಡುವುದು ದಂಡ. ಕ್ರೋಮ್ ಪಟ್ಟಿ, ವೀಲ್ ಕಪ್, ಹಿಂದಿನ ಲೈಟಿನ ಗಾಜು ಮೂಲದ್ದೇ ಉಳಿದಿದ್ದರೆ ಕೊಡಿ. ಹೆರಾಲ್ಡಿನ ಮಾತು ಬೇರೆ. ಸಾಮಾನು ಹುಡುಕುವುದೇ ದೊಡ್ಡ ಕೆಲಸವಾದ್ದರಿಂದ ಅಲ್ಲಿ ಸವೆಯದ ಪ್ರತಿ ಭಾಗಕ್ಕೂ ನಿಜವಾದ ಬೆಲೆ ಇದೆ.

5. ಹೇಳಿದ ಬೆಲೆಯನ್ನು ಮಾರಿದ ಬೆಲೆ ಎಂದುಕೊಳ್ಳಬೇಡಿ.

ಜಾಹೀರಾತಿನಲ್ಲಿರುವುದು ಮಾರುವವರ ಆಸೆ. ಅದೇ ಮಾಡೆಲ್ ಇಟ್ಟುಕೊಂಡ ನಾಲ್ಕು ಜನರನ್ನು ವಿಚಾರಿಸಿದರೆ ಕೈ ಬದಲಾದ ಹಣ ಎಷ್ಟೆಂದು ತಿಳಿಯುತ್ತದೆ.

6. ಕಾಗದ ಸರಿಯಿಲ್ಲದಿದ್ದರೆ ಕಿಲೋಮೀಟರ್ ಮಾತೇ ಬೇಡ.

ಆರ್‌ಸಿಯಲ್ಲಿರುವ ಚಾಸಿಸ್, ಇಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಕಣ್ಣಾರೆ ನೋಡಿ. ಅಂಬಾಸಿಡರಿಗೆ ಬೇರೆ ಇಂಜಿನ್ ಕೂರಿಸುವುದು ಹಿಂದೆ ಮಾಮೂಲಾಗಿತ್ತು. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿತು. 50 ವರ್ಷ ದಾಟಿದ್ದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ ಎಂಬುದು ಗೊತ್ತಿರಲಿ. ಕಡಿಮೆ ಓಡಿದ ಗಾಡಿಗಳಲ್ಲಿ ಎಷ್ಟೋ ಆರ್‌ಸಿಗಳು ತೀರಿಕೊಂಡವರ ಹೆಸರಿನಲ್ಲೇ ಇರುತ್ತವೆ. ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ 29, 30ರಲ್ಲಿ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಒಪ್ಪಿ ಸಹಿ ಹಾಕಿ ಆ ಮೊದಲ ವರ್ಗಾವಣೆ ಆಗುವತನಕ ಅಡ್ವಾನ್ಸ್ ಬಿಟ್ಟು ಹೆಚ್ಚು ಹಣ ಕೊಡಲು ನಾನು ಯಾರಿಗೂ ಹೇಳುವುದಿಲ್ಲ.