ಕಣ್ಣು ಹಳದಿಯಾದಾಗ ವೈದ್ಯರು ನೋಡುವುದೇನು?

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ರೋಗಿಗೆ ಲೋಕ ಎಂದಿನಂತೆಯೇ ಕಾಣುತ್ತದೆ. ಅವನ ಕಣ್ಣು ಹಳದಿಯಾದದ್ದು ಕಾಣುವುದು ಇತರರಿಗೆ. ಆದ್ದರಿಂದ ಮನೆಯವರೇ ಗಮನಿಸಬೇಕು.

ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ರಕ್ತದ ಕೆಂಪುಕಣಗಳು ಆಯುಸ್ಸು ಮುಗಿದು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು, ಅಂದರೆ ಲಿವರ್, ಅದನ್ನು ಪಿತ್ತರಸದ ಜೊತೆ ಕರುಳಿಗೆ ಸಾಗಿಸುತ್ತದೆ. 100 ಮಿ.ಲೀ. ರಕ್ತದಲ್ಲಿ ಇದು ಸುಮಾರು 1 ಮಿ.ಗ್ರಾಂ.ವರೆಗೆ ಇರುವುದು ಸಹಜ. 2.5ರಿಂದ 3 ಮಿ.ಗ್ರಾಂ. ಮುಟ್ಟಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ. ಇದನ್ನು ಹಗಲು ಬೆಳಕಿನಲ್ಲೇ ನೋಡಬೇಕು. ರಾತ್ರಿ ಬಲ್ಬಿನ ಬೆಳಕಿನಲ್ಲಿ ತಿಳಿಯುವುದಿಲ್ಲ. ಕ್ಯಾರೆಟ್ ಅತಿಯಾಗಿ ತಿಂದವರ ಅಂಗೈಯೂ ಹಳದಿಯಾಗುವುದುಂಟು. ಆದರೆ ಅವರ ಕಣ್ಣು ಬೆಳ್ಳಗೇ ಇರುತ್ತದೆ.

ನಂತರ ವೈದ್ಯರು ನಿಮ್ಮನ್ನು ಮಲಗಿಸಿ, ಮೊಣಕಾಲು ಮಡಿಸಲು ಹೇಳಿ, ಬಲ ಪಕ್ಕೆಲುಬಿನ ಕೆಳಗೆ ಕೈಯಿಟ್ಟು, ದೀರ್ಘವಾಗಿ ಉಸಿರೆಳೆಯಲು ಹೇಳುತ್ತಾರೆ. ಉಸಿರೆಳೆದಾಗ ಯಕೃತ್ತು ಕೆಳಗಿಳಿಯುತ್ತದೆ. ಸೋಂಕಿನಿಂದ ಊದಿದ್ದರೆ ಮುಟ್ಟಿದಾಗ ನೋಯುತ್ತದೆ. ಗಂಟುಗಂಟಾಗಿ ಗಟ್ಟಿಯಾಗಿದ್ದರೆ ಚಿಂತೆಯ ವಿಷಯ. ಹೊಟ್ಟೆಯಲ್ಲಿ ನೀರು ತುಂಬಿದೆಯೇ ಎಂದು ತಿಳಿಯಲು ಬೆರಳಿನಿಂದ ತಟ್ಟಿ ನೋಡುತ್ತಾರೆ. ಹಲಸಿನಕಾಯಿ ತಟ್ಟಿ ಬಲಿತಿದೆಯೇ ಎಂದು ನೋಡುವ ನಮಗೆ ಇದೇನೂ ಹೊಸದಲ್ಲ! ತಟ್ಟಿ ಪರೀಕ್ಷಿಸುವ ಈ ವಿಧಾನವನ್ನು 1761ರಲ್ಲಿ ಪ್ರಕಟಿಸಿದವರು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಆವೆನ್‌ಬ್ರುಗ್ಗರ್.

ಇಷ್ಟಾದ ಮೇಲೆ ವೈದ್ಯರು ಮಲದ ಬಣ್ಣ ಕೇಳುತ್ತಾರೆ. ಇಲ್ಲಿ ಮಾತ್ರ ನಾಚಿಕೆ ಬೇಡ. ಮಲಕ್ಕೆ ಬಣ್ಣ ಬರುವುದು ಪಿತ್ತರಸದಿಂದ. ಮಲ ಸುಣ್ಣದಂತೆ ಬಿಳಿಚಿಕೊಂಡು, ಮೂತ್ರ ಕಡುಬಣ್ಣಕ್ಕೆ ತಿರುಗಿ, ಮೈಯೆಲ್ಲ ತುರಿಸುತ್ತಿದ್ದರೆ ಪಿತ್ತನಾಳ ಕಟ್ಟಿಕೊಂಡಿರುವ ಸಂಭವವಿದೆ. ಕಲ್ಲಿದ್ದರೆ ಸಾಮಾನ್ಯವಾಗಿ ನೋವಿರುತ್ತದೆ. ವಯಸ್ಸಾದವರಲ್ಲಿ ನೋವೇ ಇಲ್ಲದೆ ಹೀಗಾದರೆ, ತೂಕವೂ ಇಳಿಯುತ್ತಿದ್ದರೆ, ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಕ್ಯಾನ್ಸರ್ ಇದೆಯೇ ಎಂದು ಕೂಡಲೇ ಸ್ಕ್ಯಾನ್ ಮಾಡಿಸಿ ನೋಡಲೇಬೇಕು. ಇಂಥವರೇ ವಾರಗಟ್ಟಲೆ ಬೇರಿನ ರಸ ಕುಡಿದು ಕಾಲ ಕಳೆಯುವುದು ದುಃಖದ ಸಂಗತಿ. ಕೊಳೆನೀರಿನಿಂದ ಬರುವ ಹೆಪಟೈಟಿಸ್ ‘ಎ’ ಬಹುತೇಕ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಕೀರ್ತಿ ಮಾತ್ರ ಬೇರಿಗೆ ಸಲ್ಲುತ್ತದೆ.

ಹಸುಗೂಸುಗಳ ವಿಷಯ ಇನ್ನೂ ಸೂಕ್ಷ್ಮ. ಹುಟ್ಟಿದ ಎರಡು-ಮೂರು ದಿನಗಳಲ್ಲಿ ಕಾಣಿಸುವ ಹಳದಿ ಸಾಮಾನ್ಯವಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದೆ, ಮಗುವಿನ ಮಲ ಬೆಳ್ಳಗಿದ್ದರೆ, ಎಳೆಬಿಸಿಲು ಕಾಯಿಸುತ್ತಾ ಕೂರಬೇಡಿ. ಪಿತ್ತನಾಳಗಳೇ ಮುಚ್ಚಿಹೋಗುವ ರೋಗ ಇದಾಗಿರಬಹುದು. ಇದಕ್ಕೆ ಜಪಾನಿನ ವೈದ್ಯ ಮೊರಿಯೊ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆ ಇದೆ. ಮಗುವಿಗೆ 60 ದಿನ ತುಂಬುವುದರೊಳಗೆ ಮಾಡಿದರೆ ಫಲಿಸುವ ಸಾಧ್ಯತೆ ಹೆಚ್ಚು.

ಕೊನೆಗೆ ವೈದ್ಯರು, ಟ್ರಾಫಿಕ್ ಪೊಲೀಸರು ವಾಹನ ತಡೆಯುವಂತೆ, ಎರಡೂ ಕೈಗಳನ್ನು ಮುಂದೆ ಚಾಚಿ ಅಂಗೈ ಮೇಲೆತ್ತಲು ಹೇಳಬಹುದು. ಕೈಗಳು ಹಕ್ಕಿಯ ರೆಕ್ಕೆಯಂತೆ ಬಡಿದುಕೊಂಡರೆ ಯಕೃತ್ತು ಸೋತು ಮೆದುಳಿಗೆ ವಿಷ ಏರುತ್ತಿದೆ ಎಂಬ ಸಂಶಯ ಬರುತ್ತದೆ. ಕಾಮಾಲೆಯಾದವರು ಹಗಲೆಲ್ಲ ನಿದ್ರಿಸಿ, ರಾತ್ರಿ ಎಚ್ಚರವಿದ್ದು, ಅಸಂಬದ್ಧವಾಗಿ ಮಾತನಾಡತೊಡಗಿದರೆ ‘ಸುಸ್ತಾಗಿರಬೇಕು, ಮಲಗಲಿ’ ಎನ್ನದೆ ಆ ಹೊತ್ತಿಗೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.