ಹೈಕು ಮತ್ತು ಕನ್ನಡದ ಮಾತ್ರೆ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಜನಿಸಿದ ಗ್ರಾಮ. ಅವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಹೊರತಂದಾಗ ಆಂಗ್ಲ ಪದ್ಯಗಳ ಭಾವವನ್ನು ತಂದರೇ ಹೊರತು ಆಂಗ್ಲ ಛಂದಸ್ಸನ್ನು ಹಾಗೆಯೇ ಹೊತ್ತು ತರಲಿಲ್ಲ. ಕನ್ನಡದ ಮಾತ್ರಾಗಣಗಳಿಂದಲೇ ಹೊಸ ನಡೆಗಳನ್ನು ಕಟ್ಟಿದರು. ಅದೇ ಸೀಮೆಯವನಾದ ನಾನು ಮೊದಲ ಬಾರಿಗೆ ಹೈಕು ರಚಿಸಲು ಕುಳಿತಾಗ ಈ ಮೇಲ್ಪಂಕ್ತಿಯೇ ನನಗೆ ದಾರಿ ತೋರಿತು.

ಹೈಕು ಜಪಾನಿನ ಕಿರುಗವಿತೆ. ಸರಪಳಿ ಪದ್ಯದ ಮೊದಲ ಪದ್ಯವಾಗಿದ್ದುದನ್ನು ಬಾಶೋ (1644–1694) ಶ್ರೇಷ್ಠ ಕಾವ್ಯವಾಗಿಸಿದನು. ಅದಕ್ಕೆ ಹೈಕು ಎಂಬ ಹೆಸರನ್ನು ರೂಢಿಗೆ ತಂದವನು ಮಾಸಾವೊಕ ಶಿಕಿ (1867–1902). ಅದರ ಲಕ್ಷಣಗಳು ಮೂರು: 5, 7, 5ರ ಎಣಿಕೆ, ಋತುವನ್ನು ಸೂಚಿಸುವ ಒಂದು ಪದ, ನಡುವೆ ಒಂದು ತಡೆ.

ಐದು, ಏಳು, ಐದು ಎಂದರೆ ಯಾವುದು? ನಾವು ಸಾಮಾನ್ಯವಾಗಿ ಅಕ್ಷರವೆನ್ನುತ್ತೇವೆ. ಆದರೆ ಜಪಾನೀಯರು ದೀರ್ಘ ಸ್ವರವನ್ನು ಎರಡೆಂದು ಎಣಿಸುತ್ತಾರೆ. ಒತ್ತಿನ ತಡೆಗೂ ಕೊನೆಯ ನಕಾರಕ್ಕೂ ಒಂದೊಂದು ಎಣಿಕೆ ಉಂಟು. ‘ಹೈಕು’ ಅವರಲ್ಲಿ ಮೂರು, ‘ನಿಪ್ಪೊನ್’ ನಾಲ್ಕು. ನಮ್ಮ ಲಘು-ಗುರುಗಳ ಲೆಕ್ಕ ಹಾಕಿದರೂ ಅಷ್ಟೇ ಮಾತ್ರೆಗಳು ಬರುತ್ತವೆ! ಹದಿನೇಳು ಅಕ್ಷರಗಳೂ ಗುರುವಾದರೆ ಮೂವತ್ತನಾಲ್ಕು ಮಾತ್ರೆಗಳಾಗಿ ಪದ್ಯ ಇಮ್ಮಡಿ ಉದ್ದವಾಗುವುದು. ಆದುದರಿಂದ ಅಕ್ಷರಕ್ಕಿಂತ ಮಾತ್ರೆಯೇ ತಕ್ಕ ಅಳತೆ.

ಇನ್ನು ಋತುಪದ. ತೆಂಗು ವರುಷವೆಲ್ಲ ಫಲ ಕೊಡುವ ಮರವಾದುದರಿಂದ ಅದೊಂದೇ ಋತುವನ್ನು ಹೇಳಲಾರದು. ಆದರೆ ನಮ್ಮ ರೈತರಿಗೆ ಭರಣಿ, ಮಖೆ, ಸ್ವಾತಿ ಎಂದು ಒಂದೊಂದು ಮಳೆಗೂ ಹೆಸರುಂಟು. ಇದಕ್ಕಿಂತ ಸಿದ್ಧವಾದ ಋತುಕೋಶ ಬೇಕೆ? ಏಪ್ರಿಲ್ ಕೊನೆಗೆ ಭರಣಿ ಮಳೆ ಬರುವ ವೇಳೆಗೆ, ಹಿಂದಿನ ವರುಷ ಅಟ್ಟಕ್ಕೆ ಹಾಕಿದ ಕಾಯಿಯ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ, ಅಲುಗಿಸಿದರೆ ಸದ್ದಾಗುತ್ತದೆ. ಇದನ್ನೇ ವಸ್ತುವಾಗಿ ತೆಗೆದುಕೊಂಡೆನು. ಅಕ್ಷರದ ಎಣಿಕೆಯಲ್ಲಿ:

ಭರಣಿ ಮಳೆ
ಅಲುಗಿಸಿದ ಕಾಯಿ
ಒಳಗೆ ಸದ್ದು

ಅಕ್ಷರ ಹದಿನೇಳೇ; ಮಾತ್ರೆಗಳು ಮಾತ್ರ ಹತ್ತೊಂಬತ್ತು. ಮಾತ್ರೆಯ ಎಣಿಕೆಯಲ್ಲಿ:

ಭರಣಿ ಮಳೆ
ಅಟ್ಟದ ಸದ್ದು
ಒಣಕಾಯಿ

ಎರಡು ಮಾತ್ರೆ ಕಳೆಯಬೇಕಾದಾಗ ‘ಅಲುಗಿಸಿದ’, ‘ಒಳಗೆ’ ಎಂಬ ವಿವರಣೆಯ ಪದಗಳು ತಾವಾಗಿ ಬಿದ್ದುಹೋದವು. ಅಲುಗಿಸಿದವರು ಯಾರು, ಇಲಿಯೋ ಅಜ್ಜಿಯೋ, ಎಂಬುದು ಓದುಗರ ಪಾಲಿಗೆ ಉಳಿಯಿತು. ಮೊದಲ ಸಾಲಿನ ಬಳಿಕ ನಿಂತರೆ ಹೊರಗಿನ ಮಳೆಯ ಸದ್ದೂ ಒಳಗಿನ ಕಾಯಿಯ ಸದ್ದೂ ಒಟ್ಟಿಗೆ ಕೇಳುತ್ತವೆ. ಹೀಗೆ ಬಿಗಿಯಾದ ಅಳತೆಯು ಹೇಳಬೇಕಾದುದನ್ನೂ ಬಿಡಬೇಕಾದುದನ್ನೂ ಕವಿಗೆ ತಾನೇ ಕಲಿಸುತ್ತದೆ.

ಗದ್ಯವಾಕ್ಯವನ್ನು ಮೂರು ತುಂಡು ಮಾಡಿದ ಮಾತ್ರಕ್ಕೆ ಹೈಕು ಆಗದು. ತ್ರಿಪದಿಯನ್ನು ಬಾಳಿಸಿದ ಭಾಷೆಗೆ ಮೂರು ಸಾಲು ಹೊಸತಲ್ಲ, ಮಾತ್ರೆಯೂ ಹೊಸತಲ್ಲ. ಸಹಪಾಠಿಗಳು ತಮ್ಮ ತಮ್ಮ ಊರಿನ ಒಂದೊಂದು ಮಳೆಯನ್ನು ಹಿಡಿದು ಹದಿನೇಳು ಮಾತ್ರೆಗಳಲ್ಲಿ ಬರೆದು ನೋಡಲಿ.